ಹುಬ್ಬಳ್ಳಿಯಿಂದ ವಂಡರ್‌ಲಾ: ಮೊದಲ ಸಲ ಹೊರಟವರಿಗೆ

ಬೆಂಗಳೂರು ಹತ್ತಿರದ ಬಿಡದಿಯ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕ್ 2005ರಿಂದ ನಡೆಯುತ್ತಿದೆ, ಆವರಣದಲ್ಲೇ ರೆಸಾರ್ಟ್ ಕೂಡ ಇದೆ. ಮಕ್ಕಳಿದ್ದರೆ ಪಾರ್ಕಿಗೆ ಒಂದು ದಿನ, ರೆಸಾರ್ಟಿನಲ್ಲಿ ಒಂದು ರಾತ್ರಿ ಸಾಕು. ಹುಬ್ಬಳ್ಳಿಯಿಂದ ರಾತ್ರಿ ರೈಲು ಹಿಡಿದರೆ ಬೆಳಗಿನ ಹೊತ್ತಿಗೆ ಬೆಂಗಳೂರು, ಅಲ್ಲಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿ.ಮೀ. ರೂಮು ಬೆಳಿಗ್ಗೆಯೇ ಸಿಗುತ್ತದೆಂದು ನಂಬಿ ಹೋಗಬೇಡಿ. ಲಗೇಜು ಎಲ್ಲಿ ಇಡಬೇಕೆಂದು ಬುಕಿಂಗ್ ಮಾಡುವಾಗಲೇ ಕೇಳಿಕೊಳ್ಳಿ.

ಇಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ, ಚಪ್ಪಲಿ ಬಿಚ್ಚಿಸಿ, ಟೇಪು ಹಿಡಿದು ಅಳೆಯಿರಿ. ದೊಡ್ಡ ರೈಡುಗಳಿಗೂ ಎತ್ತರದ ಮಿತಿಯಿದೆ. ಒಂದೆರಡು ಸೆಂಟಿಮೀಟರ್ ಕಮ್ಮಿಯಾದರೂ ಬಿಡುವುದಿಲ್ಲ. ಸರತಿಯ ತುದಿಗೆ ಬಂದ ಮೇಲೆ ಹುಡುಗ ಅಳುವುದು ಹೆಚ್ಚಾಗಿ ಇದಕ್ಕೇ.

ನೀರಿನ ರೈಡುಗಳಿಗೆ ನೈಲಾನ್ ಬಟ್ಟೆಯೇ ಬೇಕು, ಕಾಟನ್ ಬನಿಯನ್ ನಡೆಯುವುದಿಲ್ಲ. ಹುಬ್ಬಳ್ಳಿಯ ದುರ್ಗದಬೈಲು ಮಾರುಕಟ್ಟೆಯಲ್ಲೇ ಕೊಂಡುಬಿಡಿ. ಒಣ ರೈಡು ಮೊದಲು, ನೀರು ಆಮೇಲೆ: ಒದ್ದೆ ಬಟ್ಟೆಯಲ್ಲಿ ಮತ್ತೆ ಸರತಿ ನಿಂತರೆ ತೊಡೆ ತಿಕ್ಕಿ ಉರಿಯುತ್ತದೆ.

ಹೊರಗಿನ ಊಟ ಒಳಗೆ ಬಿಡುವುದಿಲ್ಲ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ರೈಲಿನಲ್ಲೇ ಮುಗಿಸಿ. ಮೇ ತಿಂಗಳ ಶನಿವಾರ, ಭಾನುವಾರ ಮಾತ್ರ ಬೇಡವೇ ಬೇಡ.