ಬೇಕಲವೋ, ಚಂದ್ರಗಿರಿಯೋ?

ರಜೆಯಲ್ಲಿ ಕಾಸರಗೋಡಿಗೆ ಬರುವ ನೆಂಟರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು. ಎರಡೂ ಕೆಳದಿ ನಾಯಕರ ಕಾಲದ, 17ನೇ ಶತಮಾನದ ಮುರಕಲ್ಲಿನ ಕೋಟೆಗಳು.

ಇಡೀ ದಿನ ಕೈಯಲ್ಲಿದ್ದರೆ ಬೇಕಲಕ್ಕೇ ಹೋಗಿ. ಸುಮಾರು 40 ಎಕರೆ ಹರವಿನ ಈ ಕೋಟೆ ಕೇರಳದಲ್ಲೇ ಅತಿ ದೊಡ್ಡದು. ಬಾಗಿಲಲ್ಲೇ ಮುಖ್ಯಪ್ರಾಣನ ಗುಡಿ, ಒಳಗೆ ಮೆಟ್ಟಿಲುಗಳಿರುವ ಕೊಳ, ನಡುವೆ ಎತ್ತರದ ವೀಕ್ಷಣಾ ಬುರುಜು. ನನಗೆ ಅಚ್ಚುಮೆಚ್ಚು ಮಾತ್ರ ಕಡಲಂಚಿನ ಕೊತ್ತಳ. ಅಲ್ಲಿನ ಗೋಡೆಯ ಕಿಂಡಿಗೆ ಕಣ್ಣಿಟ್ಟರೆ ಒಂದು ಗೇಣು ಸಮುದ್ರವಷ್ಟೇ ಕಾಣುತ್ತದೆ. ಕೈಯಿಟ್ಟರೆ ಕಲ್ಲಿನ ತೂತುಗಳಲ್ಲಿ ಉಪ್ಪುಗಾಳಿಯ ಅಂಟು. ಆದರೆ ನೆರಳು ಕಡಿಮೆ. ನಡುಮಧ್ಯಾಹ್ನ ಮಕ್ಕಳನ್ನೂ ಹಿರಿಯರನ್ನೂ ದಯವಿಟ್ಟು ಕರೆದೊಯ್ಯಬೇಡಿ. ಬೆಳಿಗ್ಗೆ ಬೇಗ ಹೋಗಿ, ನೀರು ಜೊತೆಗಿರಲಿ.

ಚಂದ್ರಗಿರಿ ಚಿಕ್ಕದು, ಏಳೆಂಟು ಎಕರೆ ಇರಬಹುದು. ಪೇಟೆಗೆ ಹತ್ತಿರ, ಒಂದು ಗಂಟೆ ಸಾಕು. ಕಾವಲು ಬುರುಜುಗಳ ವೈಭವ ಇಲ್ಲಿಲ್ಲ. ಆದರೆ ಕೆಳಗೆ ಪಯಸ್ವಿನಿ ತೆಂಗಿನ ತೋಟಗಳ ನಡುವೆ ಬಳುಕಿ ಕಡಲು ಸೇರುವ ನೋಟ ಬೇಕಲದಲ್ಲಿ ಸಿಗದು. ಜನಜಂಗುಳಿ ಬೇಡವೆನ್ನುವವರಿಗೆ, ಸಂಜೆಯ ರೈಲಿಗೆ ಮೊದಲು ಸ್ವಲ್ಪ ಹೊತ್ತು ಉಳಿದವರಿಗೆ ನಾನು ಇದನ್ನೇ ಹೇಳುತ್ತೇನೆ.