ಕಲಘಟಗಿ ರಸ್ತೆಯ ನರ್ಸರಿಯ ನೆಲದ ಆರ್ಕಿಡ್‌ಗಳು: ಗಿಡ ಒಳ್ಳೆಯದು, ಚೀಟಿ ನಂಬುವಂತಿಲ್ಲ

ಧಾರವಾಡ, ಹುಬ್ಬಳ್ಳಿಗಳ ನರ್ಸರಿಗಳಲ್ಲಿ ಆರ್ಕಿಡ್ ಕೇಳಿದರೆ ಸಾಮಾನ್ಯವಾಗಿ ಇದ್ದಿಲು ಚೂರುಗಳ ನಡುವೆ ಕೂರಿಸಿದ, ಮಣ್ಣು ಬೇಡದ ಡೆಂಡ್ರೋಬಿಯಂ ಆರ್ಕಿಡ್‌ಗಳನ್ನು ತೋರಿಸುತ್ತಾರೆ. ಕಲಘಟಗಿ ರಸ್ತೆಯ ಬದಿಯ ಈ ಸಣ್ಣ ನರ್ಸರಿಯಲ್ಲಿ ಮಾತ್ರ ನೆಲದಲ್ಲಿ ಬೇರುಬಿಡುವ ಆರ್ಕಿಡ್‌ಗಳಿಗೆಂದೇ ಒಂದು ಹಸಿರುಮನೆಯಿದೆ. ಅಲ್ಲಿಂದ ತಂದ ಎರಡು ಜಾತಿಗಳು ಮಳೆ, ಚಳಿ, ಬೇಸಿಗೆ ಮೂರನ್ನೂ ಕಂಡ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಹಸಿರುಮನೆಯನ್ನೇ ಮೆಚ್ಚಬೇಕು. ಮೇಲೆ ಪಾಲಿಹೌಸ್‌ಗೆ ಬಳಸುವ 200 ಮೈಕ್ರಾನ್ ಹಾಳೆ, ಅದರಡಿ ಅರ್ಧ ಬಿಸಿಲನ್ನು ತಡೆಯುವ ಶೇಡ್‌ನೆಟ್, ನಾಲ್ಕೂ ಬದಿಗೆ ಗಾಳಿಯಾಡುವ ಬಲೆ. ಏಪ್ರಿಲ್‌ನಲ್ಲಿ 37-38 ಡಿಗ್ರಿ ಮುಟ್ಟುವ ಊರಿನಲ್ಲಿ ಬದಿಗಳನ್ನೂ ಪ್ಲಾಸ್ಟಿಕ್‌ನಿಂದ ಮುಚ್ಚಿದರೆ ಗಿಡ ಬೆಂದುಹೋಗುತ್ತದೆ ಎಂಬುದು ಕಟ್ಟಿದವರಿಗೆ ಗೊತ್ತಿದೆ. ಚಳಿದೇಶಗಳಲ್ಲಿ ಹಸಿರುಮನೆ ಇರುವುದು ಬಿಸುಪನ್ನು ಹಿಡಿದಿಡಲು. ಮಲೆನಾಡಿನ ಸೆರಗಿನಲ್ಲಿರುವ ನಮಗೆ ಅದು ಬೇಕಾಗುವುದು ಜುಲೈ ತಿಂಗಳ ಬಿಡದ ಜಿಟಿಜಿಟಿ ಮಳೆಯಿಂದ ಬೇರನ್ನು ಕಾಪಾಡಲು ಮತ್ತು ಕೆಲವು ಜಾತಿಗಳ ಗಡ್ಡೆ ಚಿಗುರದೆ ಮಣ್ಣಿನಲ್ಲಿ ಮಲಗಿರುವ ಕಾಲದಲ್ಲಿ ಅಕಾಲದ ಮಳೆ ಅದಕ್ಕೆ ತಾಗದಂತೆ ನೋಡಿಕೊಳ್ಳಲು.

ನೆರಿಗೆ ಹಿಡಿದಂತಹ ಉದ್ದ ಎಲೆಗಳ, ನೇರಳೆ ಹೂವಿನ ಸ್ಪಾಥೊಗ್ಲಾಟಿಸ್ ಪ್ಲಿಕಾಟಾ ಹೊಸಬರಿಗೆ ನಿಸ್ಸಂಕೋಚವಾಗಿ ಹೇಳಬಹುದಾದ ಗಿಡ. ನಮ್ಮ ಹವೆಯಲ್ಲಿ ಅದು ವರ್ಷವಿಡೀ ಹಸಿರಾಗಿರುತ್ತದೆ, ಒಂದೇ ದಂಟಿನಲ್ಲಿ ವಾರಗಟ್ಟಲೆ ಒಂದಾದ ಮೇಲೊಂದರಂತೆ ಹೂವು ಅರಳಿಸುತ್ತದೆ. ಕುಂಡದಲ್ಲಿ ದಪ್ಪ ಮರಳು, ಎಲೆಗೊಬ್ಬರ, ತೆಂಗಿನ ಸಿಪ್ಪೆಯ ಚೂರುಗಳಿದ್ದವು; ಎರೆಮಣ್ಣು ಹಿಡಿಯಷ್ಟೂ ಇರಲಿಲ್ಲ. ನೀರನ್ನು ಬಿಗಿಹಿಡಿಯುವ ಆ ಮಣ್ಣಿನಲ್ಲಿ ಹತ್ತಿ ಬೆಳೆದೀತು, ಈ ಬೇರು ಕೊಳೆಯುತ್ತದೆ.

ತಕರಾರು ಇರುವುದು ಹ್ಯಾಬೆನೇರಿಯಾ ರೋಡೊಕೈಲಾದ ವಿಷಯದಲ್ಲಿ. ಕಿತ್ತಳೆಗೆಂಪು ಹೂವಿನ ಈ ಜಾತಿ ಮಳೆಗಾಲದಲ್ಲಿ ಚಿಗುರಿ, ಹೂಬಿಟ್ಟು, ಬಳಿಕ ಎಲೆಯನ್ನೆಲ್ಲ ಒಣಗಿಸಿಕೊಂಡು ಮಣ್ಣಿನೊಳಗೆ ಗಡ್ಡೆಯಾಗಿ ಮಲಗುತ್ತದೆ. ಹಳೆಯ ಗಡ್ಡೆ ಕರಗಿ, ಆ ವರ್ಷ ಕಟ್ಟಿದ ಹೊಸ ಗಡ್ಡೆ ಮುಂದಿನ ಚಿಗುರನ್ನು ಕೊಡುತ್ತದೆ. ಎಲೆ ಹಳದಿಯಾದಾಗಲೇ ನೀರು ಕಡಿಮೆ ಮಾಡಿ, ಪೂರ್ತಿ ಒಣಗಿದ ಮೇಲೆ ನಿಲ್ಲಿಸಬೇಕು. ನರ್ಸರಿಯವರು ಕುಂಡಕ್ಕೆ ಸಿಕ್ಕಿಸಿದ ಚೀಟಿಯಲ್ಲಾದರೋ ಸ್ಪಾಥೊಗ್ಲಾಟಿಸ್‌ಗೂ ಇದಕ್ಕೂ ಒಂದೇ ಸಾಲು: ‘ದಿನಕ್ಕೊಮ್ಮೆ ನೀರು’. ಅದನ್ನು ಅಕ್ಷರಶಃ ಪಾಲಿಸಿದವರ ಗಡ್ಡೆ ಯುಗಾದಿಯ ಹೊತ್ತಿಗೆ ಕೊಳೆತಿರುತ್ತದೆ, ಇನ್ನು ಕೆಲವರು ಗಿಡ ಸತ್ತಿತೆಂದು ಜೀವಂತ ಗಡ್ಡೆಯನ್ನೇ ಎಸೆದಿರುತ್ತಾರೆ.

ಗಿಡಗಳ ಮೂಲವನ್ನು ಕೇಳಿದಾಗ, ಪ್ರಯೋಗಾಲಯದಲ್ಲಿ ಬೀಜದಿಂದ ಎಬ್ಬಿಸಿದ ಸಸಿಗಳಿರುವ ಸೀಸೆಗಳನ್ನು ಮಾಲೀಕರು ತಾವಾಗಿಯೇ ತೋರಿಸಿದರು. ಇದು ಸಣ್ಣ ಮಾತಲ್ಲ. ಧೂಳಿನಂತಹ ಆರ್ಕಿಡ್ ಬೀಜದಲ್ಲಿ ಕೂಡಿಟ್ಟ ಆಹಾರವಿರುವುದಿಲ್ಲ. ಕಾಡಿನಲ್ಲಿ ಅದು ಮೊಳೆಯಲು ಒಂದು ಬಗೆಯ ಶಿಲೀಂಧ್ರದ ನೆರವು ಬೇಕು, ಸೀಸೆಯಲ್ಲಿ ಸಕ್ಕರೆ ಬೆರೆಸಿದ ಮಾಧ್ಯಮ ಆ ಕೆಲಸ ಮಾಡುತ್ತದೆ. ಕಾಡಿನಿಂದ ಕಿತ್ತು ತಂದ ನೆಲದ ಆರ್ಕಿಡ್ ಆ ಶಿಲೀಂಧ್ರದ ನಂಟು ಕಳೆದುಕೊಂಡು ಕುಂಡದಲ್ಲಿ ಸೊರಗುವುದೇ ಹೆಚ್ಚು.

ಇನ್ನೊಂದು ಕೊರತೆಯೆಂದರೆ ಬೋರ್‌ವೆಲ್ ನೀರು. ಎಲೆಗಳ ಮೇಲಿನ ಬಿಳಿ ಕಲೆಗಳೇ ಅದರ ಗಡಸುತನವನ್ನು ಹೇಳುತ್ತವೆ. ಅಷ್ಟು ದೊಡ್ಡ ಚಾವಣಿಯ ಮಳೆನೀರನ್ನು ಒಂದು ತೊಟ್ಟಿಗೆ ಇಳಿಸಬಾರದೇ? ಕೊಳ್ಳುವವರು ಗಿಡವನ್ನು ಮನೆಗೆ ತಂದೊಡನೆ ಮಳೆನೀರಿನಿಂದ ಕುಂಡವನ್ನು ಚೆನ್ನಾಗಿ ತೊಳೆದು ಬಸಿದುಬಿಡುವುದು ಒಳ್ಳೆಯದು. ಸ್ಪಾಥೊಗ್ಲಾಟಿಸ್ ಅನ್ನು ಯಾವಾಗ ಬೇಕಾದರೂ ತರಬಹುದು. ಹ್ಯಾಬೆನೇರಿಯಾವನ್ನು ಜೂನ್‌ನಲ್ಲಿ ಮೊಳಕೆ ಕಂಡ ಮೇಲೆ, ಚೀಟಿಯನ್ನು ಅಲ್ಲೇ ಬಿಟ್ಟು ತನ್ನಿ.