ಎಂಟು ಚಾನೆಲ್ ಪಲ್ಸ್ ಕೌಂಟರ್: ಬೋರ್ಡ್ ಗಟ್ಟಿ, ಒಳಗಿನ ಕೋಡ್ ಹಸಿ

ಮೀಟರ್, ಸೆನ್ಸರ್‌ಗಳು ಕಳಿಸುವ ಪಲ್ಸ್, ಅಂದರೆ ವಿದ್ಯುತ್ ಮಿಡಿತಗಳನ್ನು ಎಣಿಸುವ ಬೋರ್ಡ್ ಇದು. ಎಂಟು ಇನ್‌ಪುಟ್, ಎಟಿಮೆಗಾ328ಪಿ ಚಿಪ್, ಎರಡು ಸಾಲಿನ ಎಲ್‌ಸಿಡಿ, ಕಂಪ್ಯೂಟರಿಗೆ ಲೆಕ್ಕ ಕಳಿಸಲು ಆರ್‌ಎಸ್-485. ಫ್ಲೋ ಸೆನ್ಸರ್, ಕರೆಂಟ್ ಮೀಟರ್, ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಮುಚ್ಚುವ ಸ್ವಿಚ್) ಇರುವ ನೀರಿನ ಮೀಟರ್, ಎಲ್ಲವನ್ನೂ ಇದೊಂದಕ್ಕೇ ಸಿಕ್ಕಿಸಬಹುದು ಅಂತ ತಯಾರಕರು ಹೇಳುತ್ತಾರೆ. ಸಿಕ್ಕಿಸಬಹುದು, ನಿಜ. ಲೆಕ್ಕ ಸರಿ ಬರಬೇಕಾದರೆ ಮಾತ್ರ ಸ್ಕ್ರೂ ಡ್ರೈವರ್ ಜೊತೆ ಲ್ಯಾಪ್‌ಟಾಪನ್ನೂ ತೆರೆಯಬೇಕು.

ಮೊದಲು ಹೊಗಳಿಕೆ ಮುಗಿಸುತ್ತೇನೆ. ಬೆಸುಗೆ ಅಚ್ಚುಕಟ್ಟಾಗಿದೆ, ಟರ್ಮಿನಲ್‌ಗಳು ಗಟ್ಟಿ, ಸೋರ್ಸ್ ಕೋಡ್ ಜೊತೆಗೇ ಕೊಡುತ್ತಾರೆ. ಆ ಕೋಡ್ ಕೊಡದಿದ್ದರೆ ನಾನು ಇದನ್ನು ವಾಪಸ್ ಕಳಿಸುತ್ತಿದ್ದೆ.

ತೊಂದರೆ ಶುರುವಾಗಿದ್ದು ಮೂರನೇ ಚಾನೆಲ್‌ನಲ್ಲಿ. ಪಂಪ್ ಆನ್ ಆದಾಗಲೆಲ್ಲ ನೀರು ಹರಿಯದ ಮೀಟರ್‌ನಲ್ಲೂ ಎಣಿಕೆ ಏರುತ್ತಿತ್ತು. ಸೆನ್ಸರ್ ವೈರನ್ನು ಬಿಚ್ಚಿ, ಆ ಟರ್ಮಿನಲನ್ನು ಗ್ರೌಂಡ್‌ಗೆ ಸೇರಿಸಿದೆ. ಪಂಪ್ ಎಷ್ಟು ಸಲ ಆನ್ ಮಾಡಿದರೂ ಎಣಿಕೆ ಅಲ್ಲಾಡಲಿಲ್ಲ. ಅಂದರೆ ಚಿಪ್ ಸರಿಯಿದೆ, ಗಲಾಟೆ ಬರುತ್ತಿರುವುದು ವೈರಿನಿಂದ. ಮೋಟರ್ ಕೇಬಲ್ ಪಕ್ಕದಲ್ಲೇ ಉದ್ದಕ್ಕೆ ಓಡುವ ಸಿಗ್ನಲ್ ವೈರ್ ಅದು. ಬೋರ್ಡ್ ನಂಬಿಕೊಂಡಿರುವುದು ಚಿಪ್ ಒಳಗಿನ ಪುಲ್-ಅಪ್ ರೆಸಿಸ್ಟರನ್ನು (ಇನ್‌ಪುಟ್ ಅಲ್ಲಾಡದಂತೆ ಮೇಲಿನ ವೋಲ್ಟೇಜ್‌ಗೆ ಎಳೆದು ಹಿಡಿಯುವುದು) ಮಾತ್ರ. ಅದು 20ರಿಂದ 50 ಕಿಲೋಓಮ್. ಇಷ್ಟು ಸಡಿಲ ಹಿಡಿತಕ್ಕೆ ಅಂಥ ವೈರ್ ಆಂಟೆನಾ ಆಗದೆ ಇನ್ನೇನಾಗುತ್ತದೆ? ಹೊರಗಿನಿಂದ 4.7 ಕಿಲೋಓಮ್ ಪುಲ್-ಅಪ್ ಹಾಕಿ, ಇನ್‌ಪುಟ್‌ನಿಂದ ಗ್ರೌಂಡ್‌ಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಟ್ಟೆ. ಸುಮಾರು ಅರ್ಧ ಮಿಲಿಸೆಕೆಂಡಿನ ಫಿಲ್ಟರ್ ಆಯಿತು, ದೆವ್ವದ ಎಣಿಕೆ ನಿಂತಿತು. ಇಷ್ಟು ಅಗ್ಗದ ಎರಡು ಬಿಡಿಭಾಗಗಳಿಗೆ ಬೋರ್ಡ್ ಮೇಲೆ ಜಾಗವನ್ನೂ ಬಿಟ್ಟಿಲ್ಲ!

ಫ್ಲೋ ಸೆನ್ಸರ್‌ನದ್ದು ಇದಕ್ಕೆ ಉಲ್ಟಾ ರೋಗ, ಎಣಿಕೆ ಕಡಿಮೆ. ವೈಎಫ್-ಎಸ್201 ಸೆನ್ಸರ್ ಲೀಟರಿಗೆ ಸುಮಾರು 450 ಪಲ್ಸ್ ಕೊಡುತ್ತದೆ. ನಿಮಿಷಕ್ಕೆ 30 ಲೀಟರ್ ಹರಿದರೆ ಸೆಕೆಂಡಿಗೆ 225. ಈ ಬೋರ್ಡ್ ಮಾತ್ರ ನಲ್ಲಿ ಎಷ್ಟೇ ತಿರುಗಿಸಿದರೂ ಸೆಕೆಂಡಿಗೆ 50 ದಾಟುತ್ತಿರಲಿಲ್ಲ. ಅಲ್ಲೇ ಸುಳಿವು ಸಿಕ್ಕಿತು. ಕೋಡ್ ತೆರೆದರೆ ಎಂಟೂ ಚಾನೆಲ್‌ಗೆ ಒಂದೇ ಡಿಬೌನ್ಸ್, 20 ಮಿಲಿಸೆಕೆಂಡ್. ಅಂದರೆ ಒಂದು ಪಲ್ಸ್ ಎಣಿಸಿದ ಮೇಲೆ ಅಷ್ಟು ಹೊತ್ತು ಬಂದಿದ್ದನ್ನೆಲ್ಲ ಲೆಕ್ಕಕ್ಕೆ ಹಿಡಿಯುವುದಿಲ್ಲ. ರೀಡ್ ಸ್ವಿಚ್ ಮುಚ್ಚುವಾಗ ಕುಣಿದು ಒಂದರ ಬದಲು ಹಲವು ಪಲ್ಸ್ ಕೊಡುತ್ತದೆ, ಅದಕ್ಕೆ ಇದು ಬೇಕು. ಕರೆಂಟ್ ಮೀಟರ್‌ನ ಎಸ್0 ಪಲ್ಸ್ ಕನಿಷ್ಠ 30 ಮಿಲಿಸೆಕೆಂಡ್ ಇರುತ್ತದೆ, ಅದಕ್ಕೂ ಅಡ್ಡಿಯಿಲ್ಲ. ಫ್ಲೋ ಸೆನ್ಸರ್ ಒಳಗಿರುವುದು ಹಾಲ್ ಸೆನ್ಸರ್, ಅಯಸ್ಕಾಂತವನ್ನು ಗುರುತಿಸುವ, ಕುಣಿಯದ ಭಾಗ. ಅದಕ್ಕೆ ಯಾಕೆ ಬೇಕು? ಪ್ರತಿ ಚಾನೆಲ್‌ಗೂ ಬೇರೆ ಬೇರೆ ಸಮಯ ಬರೆದು ಅಪ್‌ಲೋಡ್ ಮಾಡಿದ ಮೇಲೆ ಬಕೆಟ್ ಅಳತೆಗೂ ಎಣಿಕೆಗೂ ತಾಳೆಯಾಯಿತು.

ಆದರೆ ನನಗೆ ತುಂಬಾ ಸಿಟ್ಟು ಬಂದಿದ್ದು ಮೂರನೆಯ ತಪ್ಪಿಗೆ. ಕಂಪ್ಯೂಟರಿನಲ್ಲಿ ಯಾವಾಗಲೋ ಒಮ್ಮೆ ಎಣಿಕೆ 256 ಜಾಸ್ತಿ ತೋರಿಸಿ, ಮುಂದಿನ ಸಲ ತಾನೇ ಸರಿಯಾಗುತ್ತಿತ್ತು. ಕೇಬಲ್ ಮೇಲೆ ಅನುಮಾನ ಪಡುವವರೇ ಜಾಸ್ತಿ. 256 ಅನ್ನೋ ಸಂಖ್ಯೆ ಕಂಡರೆ ಕೇಬಲ್ ಬಿಟ್ಟು ಕೋಡ್ ನೋಡಿ. ಇದು 8 ಬಿಟ್ ಚಿಪ್, 32 ಬಿಟ್ ಎಣಿಕೆಯನ್ನು ಒಂದೊಂದೇ ಬೈಟ್ ಆಗಿ ಓದುತ್ತದೆ. 255 ಇದ್ದಾಗ ಕೆಳಗಿನ ಬೈಟ್ ಓದಿ ಮುಗಿಸಿ, ಮೇಲಿನದನ್ನು ಓದುವಷ್ಟರಲ್ಲಿ ಇನ್ನೊಂದು ಪಲ್ಸ್ ಬಂದರೆ ಮುಗಿಯಿತು, 255ರ ಬದಲು 511 ಸಿಗುತ್ತದೆ. ಓದುವ ಕ್ಷಣಕ್ಕೆ ಇಂಟರಪ್ಟ್ (ಪಲ್ಸ್ ಬಂದ ಕೂಡಲೇ ಬೇರೆ ಕೆಲಸ ತಡೆದು ಎಣಿಸುವ ವ್ಯವಸ್ಥೆ) ನಿಲ್ಲಿಸಿ, ನಕಲು ತೆಗೆದು, ಮತ್ತೆ ಚಾಲೂ ಮಾಡಿದರೆ ಸಾಕು. ಎರಡು ಸಾಲಿನ ಕೆಲಸ. ಮಾರುವ ಮುಂಚೆ ಯಾರೂ ನೋಡಿಲ್ಲ ಅಂದರೆ ಏನು ಹೇಳೋಣ?

ಕರೆಂಟ್ ಹೋದರೂ ಲೆಕ್ಕ ಉಳಿಯಲಿ ಅಂತ ಪ್ರತಿ ನಿಮಿಷ ಚಿಪ್‌ನ ಅಳಿಯದ ಮೆಮೊರಿಯಾದ ಈಈಪ್ರಾಮ್‌ನ ಒಂದೇ ಜಾಗದಲ್ಲಿ ಬರೆಯುತ್ತಾರೆ. ಆ ಜಾಗಕ್ಕೆ ಚಿಪ್ ತಯಾರಕರು ಕೊಡುವ ಭರವಸೆ 1,00,000 ಬರಹಗಳು. ಲೆಕ್ಕ ಹಾಕಿ, 70 ದಿನವೂ ಬರುವುದಿಲ್ಲ. ನಾನು ಜಾಗ ಬದಲಿಸುತ್ತಾ ಗಂಟೆಗೊಮ್ಮೆ ಬರೆಯುವ ಹಾಗೆ ಮಾಡಿಕೊಂಡಿದ್ದೇನೆ.

ಕೋಡ್ ತಿದ್ದಲು ಬರುವವರು ಧೈರ್ಯವಾಗಿ ತಗೊಳ್ಳಿ. ಬಿಲ್ ಹಾಕುವ ಕೆಲಸಕ್ಕೆ, ಪೆಟ್ಟಿಗೆಯಿಂದ ತೆಗೆದು ಹಾಗೇ ಕೂರಿಸುವವರಿಗೆ, ಬೇಡ. ಇಷ್ಟನ್ನೂ ತಯಾರಕರಿಗೆ ಬರೆದು ಕಳಿಸಿದೆ. ಡಿಬೌನ್ಸ್ ಬೇರೆ ಬೇರೆ ಮಾಡುತ್ತೇವೆ ಅಂದರು. ಈಈಪ್ರಾಮ್ ವಿಷಯಕ್ಕೆ ಉತ್ತರ ಇನ್ನೂ ಬಂದಿಲ್ಲ.